ಸಾಕಿದ ಮೀನಿನಲ್ಲಿ ಔಷಧಿಯ ಉಳಿಕೆ: ರಫ್ತಿಗೆ ಪರೀಕ್ಷೆ ಇದೆ, ನಮ್ಮ ತಟ್ಟೆಗೆ ಯಾಕಿಲ್ಲ?

ಹೊಂಡದ ದಾರಿ (ಮಂಡ್ಯ ಕಡೆ)

ಎಲ್ಲರಿಗೂ ನಮಸ್ಕಾರ. ನಾನು ಹೊಂಡದಲ್ಲಿ ಕಾಟ್ಲಾ, ರೋಹು, ಗೆಂಡೆ ಸಾಕುವ ರೈತ. ಬಲೆ ಎಳೆಯುವ ದಿನ ಹೊಂಡದ ಹತ್ತಿರವೇ ಜನ ಬಂದು ಮೀನು ಕೊಳ್ಳುತ್ತಾರೆ. ಬಂದವರು ಕೇಳುವುದು ಒಂದೇ ಪ್ರಶ್ನೆ: "ಫಾರ್ಮಾಲಿನ್ ಹಾಕಿಲ್ಲ ತಾನೇ?" ಫಾರ್ಮಾಲಿನ್ ಅಂದರೆ ಸತ್ತ ಮೀನು ಕೆಡದಂತೆ ಕೆಲವರು ಹಾಕುವ ರಾಸಾಯನಿಕ. ಕಣ್ಣೆದುರೇ ಒದ್ದಾಡುತ್ತಿರುವ ಮೀನಿಗೆ ಅದನ್ನು ಯಾಕೆ ಹಾಕಲಿ ಹೇಳಿ.

ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಮೀನಿಗೆ ರೋಗ ಬಂದಿತ್ತಾ? ಯಾವ ಔಷಧಿ ಕೊಟ್ಟಿರಿ? ಕೊಟ್ಟು ಎಷ್ಟು ದಿನ ಆಯ್ತು? ಹೊಂಡಕ್ಕೆ ಯಾವ ನೀರು, ಮೀನಿಗೆ ಏನು ಆಹಾರ? ಇದನ್ನು ಯಾರೂ ಕೇಳುವುದಿಲ್ಲ. ಕೇಳದೇ ಇದ್ದಾಗ ಸರಿಯಾಗಿ ಸಾಕುವವನಿಗೂ ಅಡ್ಡದಾರಿಯವನಿಗೂ ಮಾರುಕಟ್ಟೆಯಲ್ಲಿ ಒಂದೇ ಬೆಲೆ.

ನಮ್ಮ ಕಡೆ ಮೀನಿಗೆ ಹುಣ್ಣು ಕಂಡ ತಕ್ಷಣ ಔಷಧಿ ಅಂಗಡಿಗೆ ಹೋಗಿ ಯಾವುದೋ ಆಂಟಿಬಯಾಟಿಕ್ ಪುಡಿ ತಂದು ಹಿಂಡಿಯಲ್ಲಿ ಕಲಸಿ ಹಾಕುವವರಿದ್ದಾರೆ. ಮರುವಾರ ವ್ಯಾಪಾರಿ ಒಳ್ಳೆ ರೇಟು ಹೇಳಿದರೆ ಅದೇ ಮೀನು ಮಾರಾಟಕ್ಕೆ ಹೋಗುತ್ತದೆ. ಇದು ಎಷ್ಟು ಅಪಾಯ, ತಡೆಯುವುದು ಹೇಗೆ? ತಿಳಿದವರು ಹೇಳಿ.

ಜಯನಗರದ ಅಡುಗೆಮನೆ

ಓದಿ ಗಾಬರಿಯಾಯ್ತು. ನಾವು ವಾರಕ್ಕೊಮ್ಮೆ ಮೀನು ತರುವ ಮನೆಯವರು, ಮಕ್ಕಳು ಚಿಕ್ಕವರು. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿರಬೇಕು, ಬೆರಳಲ್ಲಿ ಒತ್ತಿದರೆ ಮಾಂಸ ಮತ್ತೆ ಮೇಲೆ ಬರಬೇಕು ಅಂತ ಅಮ್ಮ ಕಲಿಸಿದ್ದಾರೆ. ಹಾಗೆ ನೋಡಿಯೇ ತರುತ್ತೇನೆ. ಅಷ್ಟು ಸಾಲದಾ? ಚೆನ್ನಾಗಿ ಬೇಯಿಸಿದರೆ ಔಷಧಿ ಹೋಗುವುದಿಲ್ಲವಾ?

ಮತ್ಸ್ಯ ಪದವೀಧರೆ (ಮಂಗಳೂರು)

ಅಮ್ಮ ಕಲಿಸಿದ್ದು ಸರಿಯಾಗಿಯೇ ಇದೆ. ಮೀನು ಕೆಟ್ಟಿದೆಯಾ ಇಲ್ಲವಾ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಆದರೆ ಔಷಧಿಯ ಉಳಿಕೆಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಗಷ್ಟೇ ಹಿಡಿದ, ಕಣ್ಣು ಹೊಳೆಯುವ ಮೀನಿನಲ್ಲೂ ಅದು ಇರಬಹುದು.

ಬೇಯಿಸುವುದರಿಂದ ರೋಗಾಣು ಸಾಯುತ್ತವೆ, ಹುಳುಗಳೂ ಸಾಯುತ್ತವೆ. ನಾವು ಮೀನನ್ನು ಹಸಿಯಾಗಿ ತಿನ್ನುವವರಲ್ಲ, ಹಾಗಾಗಿ ಆ ಭಯ ಕಡಿಮೆ. ಔಷಧಿಗಳ ಕಥೆ ಬೇರೆ. ನೈಟ್ರೋಫ್ಯೂರಾನ್ ಗುಂಪಿನ ಔಷಧಿಗಳು ಮೀನಿನ ದೇಹದಲ್ಲಿ ಒಡೆದು ಮಾಂಸದ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಸಾರು ಎಷ್ಟು ಕುದಿಸಿದರೂ ಹೋಗುವುದಿಲ್ಲ. ಕ್ಲೋರಾಂಫೆನಿಕಾಲ್ ಇನ್ನೊಂದು. ಅದು ಅಪರೂಪಕ್ಕೆ ಕೆಲವರಲ್ಲಿ ಮೂಳೆಮಜ್ಜೆಯನ್ನೇ ಕೆಡಿಸಿ ರಕ್ತ ಉತ್ಪಾದನೆ ನಿಲ್ಲಿಸುತ್ತದೆ. ಅದಕ್ಕೇ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಅದನ್ನು ಬಹುತೇಕ ಎಲ್ಲ ದೇಶಗಳೂ ನಿಷೇಧಿಸಿವೆ. ನಮ್ಮ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಲ್ಲೂ ಮೀನು, ಸೀಗಡಿಯಲ್ಲಿ ಇವೆರಡಕ್ಕೂ ನಿಷೇಧವಿದೆ. ಆಕ್ಸಿಟೆಟ್ರಾಸೈಕ್ಲಿನ್‌ನಂಥ ಕೆಲವಕ್ಕೆ ಮಿತಿ ಇದೆ, ಕಿಲೋ ಮಾಂಸದಲ್ಲಿ 0.1 ಮಿಲಿಗ್ರಾಂ ದಾಟಬಾರದು.

ಮ್ಯಾಲಕೈಟ್ ಗ್ರೀನ್ ಬಗ್ಗೆಯೂ ಹೇಳಬೇಕು. ಅದು ಬಟ್ಟೆಗೆ ಹಾಕುವ ಹಸಿರು ಬಣ್ಣ. ಮೀನುಮರಿ ಕೇಂದ್ರಗಳಲ್ಲಿ ಮೊಟ್ಟೆಗೆ ಬೂಷ್ಟು ಹಿಡಿಯದಂತೆ ಬಳಸುವ ಕೆಟ್ಟ ಅಭ್ಯಾಸ ಬಹಳ ಕಡೆ ಇತ್ತು. ಮೀನಿನ ಮೈಯಲ್ಲಿ ಅದು ಬಣ್ಣವಿಲ್ಲದ ಇನ್ನೊಂದು ರೂಪಕ್ಕೆ ತಿರುಗಿ ಕೊಬ್ಬಿನಲ್ಲಿ ದೀರ್ಘಕಾಲ ಉಳಿಯುತ್ತದೆ. ಇದನ್ನೂ ಬಳಸುವ ಹಾಗಿಲ್ಲ.

ಮೂರು ತಕ್ಕಡಿ (ಮೈಸೂರು, ಮೀನು ಅಂಗಡಿ)

ಒಂದು ಮಾತು. ಎಲ್ಲಾ ತಪ್ಪನ್ನೂ ಅಂಗಡಿಯವನ ಮೇಲೆ ಹಾಕುವುದು ಸುಲಭ. ನಮಗೆ ಬರುವ ಕಾಟ್ಲಾ, ರೋಹು ಜಾಸ್ತಿ ಆಂಧ್ರದ ಕೊಲ್ಲೇರು, ಭೀಮಾವರಂ ಕಡೆಯಿಂದ ಲಾರಿಯಲ್ಲಿ ಐಸ್ ತುಂಬಿ ಬರುತ್ತದೆ. ಯಾವ ಹೊಂಡದ್ದು, ಏನು ಹಾಕಿದ್ದರು ಅಂತ ಪೆಟ್ಟಿಗೆ ಮೇಲೆ ಬರೆದಿರುವುದಿಲ್ಲ. ನಾನು ಕೇಳಿದರೂ ಏಜೆಂಟನಿಗೆ ಗೊತ್ತಿರುವುದಿಲ್ಲ. ನನಗೇ ಗೊತ್ತಿಲ್ಲದ್ದನ್ನು ಗಿರಾಕಿಗೆ ಹೇಗೆ ಹೇಳಲಿ?

ನನ್ನ ಕೈಯಲ್ಲಿರುವುದು ಐಸ್. ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಅಂತ ಹಾಕುತ್ತೇನೆ, ಕುಡಿಯುವ ನೀರಿನ ಐಸನ್ನೇ ತರುತ್ತೇನೆ. ಕರಗಿದ ನೀರು ಹರಿದುಹೋಗಲು ಪೆಟ್ಟಿಗೆಗೆ ತೂತು ಇರಬೇಕು. ಇಲ್ಲದಿದ್ದರೆ ಮೀನು ಅದೇ ಕೊಳೆ ನೀರಲ್ಲಿ ನೆನೆಯುತ್ತದೆ. ಇದನ್ನು ಗಿರಾಕಿಗಳು ಗಮನಿಸಬಹುದು.

ಜಯನಗರದ ಅಡುಗೆಮನೆ

ಹಾಗಾದರೆ ಸಾಕಿದ ಮೀನೇ ಬೇಡ, ಸಮುದ್ರದ ಮೀನು ತಿನ್ನೋಣ ಅನ್ನಿಸುತ್ತಿದೆ.

ಮತ್ಸ್ಯ ಪದವೀಧರೆ (ಮಂಗಳೂರು)

ದಯವಿಟ್ಟು ಹಾಗೆ ತೀರ್ಮಾನಿಸಬೇಡಿ. ಫಾರ್ಮಾಲಿನ್ ಗಲಾಟೆ ಎದ್ದಿದ್ದು ದೂರದಿಂದ ಸಾಗಿಸಿದ ಮೀನಿನಿಂದ. 2018ರ ಜೂನ್‌ನಲ್ಲಿ ಕೇರಳದ ಅಧಿಕಾರಿಗಳು 'ಆಪರೇಷನ್ ಸಾಗರ್ ರಾಣಿ' ಹೆಸರಿನಲ್ಲಿ ಗಡಿ ಚೆಕ್‌ಪೋಸ್ಟ್‌ಗಳಲ್ಲಿ ಸಾವಿರಾರು ಕಿಲೋ ಮೀನು ವಶಪಡಿಸಿಕೊಂಡರು. ಮರುತಿಂಗಳು ಗೋವಾ ಹೊರರಾಜ್ಯದ ಮೀನನ್ನು ಕೆಲಕಾಲ ನಿಲ್ಲಿಸಿತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯವರು ಮೀನಿಗೆ ಒರೆಸಿ ನೋಡುವ ಕಾಗದದ ಪಟ್ಟಿಯನ್ನು ಹೊರತಂದದ್ದೂ ಆ ವರ್ಷವೇ. ದ್ರಾವಣ ಹಾಕಿದಾಗ ಬಣ್ಣ ಬದಲಾದರೆ ಅನುಮಾನ.

ಇನ್ನು ಕಡಲಿನ ದೊಡ್ಡ ಬೇಟೆ ಮೀನುಗಳಲ್ಲಿ, ಅಂದರೆ ಶಾರ್ಕ್, ದೊಡ್ಡ ಟ್ಯೂನಾ ಇಂಥವುಗಳಲ್ಲಿ ಪಾದರಸ ಜಾಸ್ತಿ ಸೇರುತ್ತದೆ. ಚಿಕ್ಕ ಮೀನನ್ನು ದೊಡ್ಡದು ತಿಂದು, ಅದನ್ನು ಇನ್ನೂ ದೊಡ್ಡದು ತಿಂದು, ಮೇಲೆ ಹೋದಷ್ಟೂ ಪ್ರಮಾಣ ಏರುತ್ತದೆ. ಕಾಟ್ಲಾ, ರೋಹು, ಬೆಳ್ಳಿಗೆಂಡೆ ತಿನ್ನುವುದು ನೀರಿನ ಸೂಕ್ಷ್ಮಜೀವಿ, ಪಾಚಿ, ತೌಡು, ಹಿಂಡಿ. ಆ ದೃಷ್ಟಿಯಲ್ಲಿ ಒಳ್ಳೆಯ ನೀರಿನಲ್ಲಿ ಸಾಕಿದ ಗೆಂಡೆ ಜಾತಿ ಮೀನು ಮಕ್ಕಳಿಗೂ ಗರ್ಭಿಣಿಯರಿಗೂ ಒಳ್ಳೆಯ ಆಯ್ಕೆ. 'ಒಳ್ಳೆಯ ನೀರಿನಲ್ಲಿ' ಅನ್ನುವುದಕ್ಕೆ ಒತ್ತು ಕೊಡುತ್ತಿದ್ದೇನೆ.

ಕೋಲಾರದ ಕೆರೆಬದಿ

ನೀರಿನ ಮಾತು ಬಂದಿದ್ದರಿಂದ ಕೇಳುತ್ತೇನೆ ಮೇಡಂ. ನಮ್ಮ ಕೆರೆಗಳು ವರ್ಷಗಟ್ಟಲೆ ಒಣಗಿ ಬಿದ್ದಿದ್ದವು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಬರಲು ಶುರುವಾಯ್ತು. ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧ ಮಾಡಿ ಪೈಪಿನಲ್ಲಿ ಕಳಿಸುತ್ತಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಅಲ್ಲಿಂದ ಒಂದೊಂದೇ ಕೆರೆ ತುಂಬಿ ಕೋಡಿ ಹರಿಯಿತು. ಬೋರ್‌ವೆಲ್‌ಗಳಿಗೆ ಜೀವ ಬಂತು, ಮೀನು ಬಂತು, ಕೆರೆ ಗುತ್ತಿಗೆ ಹಿಡಿದ ನಮ್ಮ ಮೀನುಗಾರರ ಸಂಘಕ್ಕೂ ಆದಾಯ ಬಂತು. ನಾನು ಆ ನೀರಿನ ವಿರೋಧಿ ಅಲ್ಲ. ಬರಗಾಲ ನೋಡಿದವರಿಗೆ ಗೊತ್ತು ಕೆರೆ ತುಂಬುವುದು ಅಂದರೆ ಏನು ಅಂತ.

ಆದರೆ ಜಿಲೇಬಿ ಮೀನು ಸಾರು ಮಾಡಿದರೆ ಒಮ್ಮೊಮ್ಮೆ ಮಣ್ಣಿನ ವಾಸನೆ ಹೊಡೆಯುತ್ತದೆ. ಜನ "ಚರಂಡಿ ಮೀನು" ಅನ್ನುತ್ತಾರೆ. ಕೇಳಿ ನೋವಾಗುತ್ತದೆ. ಮೀನಿನ ಮಾಂಸ ಪರೀಕ್ಷೆ ಮಾಡಿಸಿದ ವರದಿ ಒಂದಾದರೂ ನಮ್ಮ ಸಂಘದ ಕೈಗೆ ಕೊಡಿ ಅಂತ ಕೇಳಿದ್ದೇವೆ. ಇನ್ನೂ ಬಂದಿಲ್ಲ. ತಿನ್ನಬಹುದಾ, ಬೇಡವಾ?

ಮತ್ಸ್ಯ ಪದವೀಧರೆ (ಮಂಗಳೂರು)

ಅಣ್ಣಾ, ಇಲ್ಲಿ ಮೂರು ವಿಷಯ ಕಲಸಿಹೋಗಿವೆ. ಬೇರೆ ಮಾಡಿ ನೋಡೋಣ.

ಮಣ್ಣಿನ ವಾಸನೆ ವಿಷವಲ್ಲ. ನೀರಿನಲ್ಲಿ ಗೊಬ್ಬರದ ಅಂಶ ಜಾಸ್ತಿಯಾದಾಗ ನೀಲಿಹಸಿರು ಪಾಚಿ ಬೆಳೆಯುತ್ತದೆ. ಅದರಿಂದ ಜಿಯೋಸ್ಮಿನ್ ಅನ್ನುವ ವಸ್ತು ಬಿಡುಗಡೆಯಾಗಿ ಮೀನಿನ ಕೊಬ್ಬಿಗೆ ಸೇರುತ್ತದೆ. ಮೊದಲ ಮಳೆಗೆ ಮಣ್ಣು ಘಮ್ ಅನ್ನುವುದೂ ಅದರಿಂದಲೇ. ಹಿಡಿದ ಮೀನನ್ನು ಶುದ್ಧ ಹರಿಯುವ ನೀರಿನ ತೊಟ್ಟಿಯಲ್ಲಿ ಆಹಾರ ಕೊಡದೆ ಕೆಲವು ದಿನ ಬಿಟ್ಟರೆ ಕಡಿಮೆಯಾಗುತ್ತದೆ.

ರೋಗಾಣು ಎರಡನೆಯದು. ಅವು ಹೆಚ್ಚಾಗಿ ಮೀನಿನ ಮೈಮೇಲೆ, ಕಿವಿರಿನಲ್ಲಿ, ಕರುಳಿನಲ್ಲಿ ಇರುತ್ತವೆ. ಹೊಟ್ಟೆ ಸೀಳುವಾಗ ಕರುಳು ಒಡೆದರೆ ಮಾಂಸಕ್ಕೆ ತಗಲುತ್ತದೆ. ಹಾಗಾಗಿ ಹಿಡಿಯುವ ಹಿಂದಿನ ದಿನ ಆಹಾರ ನಿಲ್ಲಿಸಿ ಹೊಟ್ಟೆ ಖಾಲಿ ಇರುವಂತೆ ನೋಡಿಕೊಳ್ಳಬೇಕು. ಮನೆಯಲ್ಲಿ ಮೀನು ಕತ್ತರಿಸಿದ ಚಾಕು, ಮಣೆಯಲ್ಲೇ ಸೌತೆಕಾಯಿ ಹೆಚ್ಚಬಾರದು.

ನಿಜವಾಗಿ ಪರೀಕ್ಷೆ ಬೇಕಾಗಿರುವುದು ಮೂರನೆಯದಕ್ಕೆ, ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳಿಗೆ. ಚರಂಡಿಗೆ ಕಾರ್ಖಾನೆ ನೀರು ಸೇರಿದ್ದರೆ ಇವು ಬರುತ್ತವೆ. ಇವು ಮಾಂಸಕ್ಕಿಂತ ಕಿವಿರು, ಪಿತ್ತಜನಕಾಂಗ, ಮೂತ್ರಪಿಂಡದಲ್ಲಿ ಜಾಸ್ತಿ ಸೇರುತ್ತವೆ. ಪಾದರಸ ಮಾತ್ರ ಮಾಂಸಕ್ಕೇ ಅಂಟುತ್ತದೆ. ಅಂಥ ಕೆರೆಯ ಮೀನಾದರೆ ಒಳಗಿನ ಅಂಗ ಪೂರ್ತಿ ತೆಗೆಯಿರಿ. ತಲೆ ಸಾರು ಇಷ್ಟ ಇದ್ದರೆ ಕಿವಿರನ್ನಾದರೂ ಕಿತ್ತುಹಾಕಿ.

ಕೋಲ್ಕತ್ತದ ಪೂರ್ವಕ್ಕೆ ಸುಮಾರು 12,500 ಹೆಕ್ಟೇರ್ ಜೌಗು ಪ್ರದೇಶವಿದೆ. ಅಲ್ಲಿ ತಲೆಮಾರುಗಳಿಂದ ನಗರದ ಕೊಳಚೆ ನೀರನ್ನೇ ಬಳಸಿ ಮೀನು ಸಾಕುತ್ತಾರೆ. 2002ರಲ್ಲಿ ಅದು ರಾಮ್ಸಾರ್ ಪಟ್ಟಿಗೂ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ನೀರು ಮೊದಲು ನಿಂತು ತಿಳಿಯಾಗಬೇಕು, ಹೊಂಡ ಆಳ ಇರಬಾರದು, ಬಿಸಿಲು ತಳದವರೆಗೆ ಬೀಳಬೇಕು ಅನ್ನುವ ಲೆಕ್ಕ ಅಲ್ಲಿನವರಿಗೆ ಗೊತ್ತು. ಅಲ್ಲೂ ಚಿಂತೆ ಹುಟ್ಟಿಸಿದ್ದು ಚರ್ಮ ಹದಮಾಡುವ ಘಟಕಗಳ ಲೋಹವೇ. ನಿಮ್ಮ ಸಂಘ ಮಾಂಸದ ವರದಿ ಕೇಳುತ್ತಿರುವುದು ನೂರಕ್ಕೆ ನೂರು ಸರಿ. ಅದು ಸಿಗುವವರೆಗೆ ತಿನ್ನಿ ಅಂತಲೂ ಬೇಡ ಅಂತಲೂ ನಾನು ಇಲ್ಲಿಂದ ಹೇಳುವುದು ಸರಿಯಲ್ಲ.

ಅಘನಾಶಿನಿ ದಂಡೆ (ಕುಮಟಾ, ಸೀಗಡಿ ಸಾಕಣೆ)

ನಾನು ಹೇಳುವುದು ಮೊದಲ ಪೋಸ್ಟಿನ ಪ್ರಶ್ನೆಗೇ ಸಂಬಂಧಿಸಿದ್ದು.

ಯುರೋಪಿಗೆ ಹೋಗುವ ಸೀಗಡಿಯಾದರೆ ಕೊಯ್ಲಿಗೆ ಮುಂಚೆಯೇ ಹೊಂಡದ ಮಾದರಿ ಲ್ಯಾಬಿಗೆ ಹೋಗುತ್ತದೆ. ಎಂಪೆಡಾದ (ಕೇಂದ್ರದ ಸಮುದ್ರೋತ್ಪನ್ನ ರಫ್ತು ಪ್ರಾಧಿಕಾರ) ಲ್ಯಾಬ್‌ಗಳಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಇದೆಯಾ ನೋಡುತ್ತಾರೆ. ಸರ್ಟಿಫಿಕೇಟ್ ಇಲ್ಲದ ಸೀಗಡಿಯನ್ನು ಆ ಮಾರುಕಟ್ಟೆಗೆ ಸಂಸ್ಕರಣಾ ಘಟಕದವರು ಮುಟ್ಟುವ ಹಾಗಿಲ್ಲ. 2016ರಲ್ಲಿ ಯುರೋಪಿನವರು ಭಾರತದಿಂದ ಬರುವ ಸಾಕಿದ ಸೀಗಡಿಯಲ್ಲಿ ಪರೀಕ್ಷಿಸುವ ಸರಕಿನ ಪಾಲನ್ನು ಶೇ. 10ರಿಂದ ಶೇ. 50ಕ್ಕೆ ಏರಿಸಿದರು. ಕಂಟೇನರ್ ವಾಪಸ್ ಬಂದರೆ ಎಷ್ಟು ನಷ್ಟ ಅಂತ ಗೊತ್ತಿದ್ದವರು ಆ ಪುಡಿಗಳಿಂದ ದೂರ ಉಳಿದರು.

ಅದೇ ಸೀಗಡಿ ಬೆಂಗಳೂರಿಗೆ ಹೋದರೆ? ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ. ಬೆಲ್ಜಿಯಂನ ಮಗುವಿಗೆ ಇರುವ ಕಾವಲು ನಮ್ಮ ಊರಿನ ಮಗುವಿಗೆ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಹೊಂಡದ ದಾರಿ (ಮಂಡ್ಯ ಕಡೆ)

ಇದನ್ನೇ ನಾನು ಕೇಳಬೇಕಂತಿದ್ದೆ. ಎಫ್‌ಎಸ್‌ಎಸ್‌ಎಐ ನಿಯಮ ಇದೆ ಅಂದರಲ್ಲ, ಹಾಗಾದರೆ ಹೊಂಡಕ್ಕೆ ಬಂದು ಯಾಕೆ ನೋಡುವುದಿಲ್ಲ?

ಮತ್ಸ್ಯ ಪದವೀಧರೆ (ಮಂಗಳೂರು)

ಕಾನೂನೇ ಹಾಗಿದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 18ನೇ ಸೆಕ್ಷನ್‌ನ 3ನೇ ಉಪವಿಭಾಗ ಓದಿ. ರೈತರಿಗೆ, ಮೀನುಗಾರರಿಗೆ, ಬೆಳೆಗೆ, ಜಾನುವಾರಿಗೆ, ಜಲಕೃಷಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಅಲ್ಲಿ ಬರೆದಿದೆ. ಸಣ್ಣ ರೈತರಿಗೆ ಕಿರುಕುಳ ಆಗದಿರಲಿ ಅನ್ನುವ ಕಾಳಜಿ ಅದರಲ್ಲಿ ಕಾಣುತ್ತದೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಪರಿಣಾಮ ಏನಾಯ್ತು? ಮೀನು ಅಂಗಡಿಗೆ ಬಂದ ಮೇಲೆ ಮಿತಿ ಲೆಕ್ಕಕ್ಕೆ ಬರುತ್ತದೆ. ತಪ್ಪು ನಡೆಯುವುದು ಹೊಂಡದಲ್ಲಿ. ಸಿಕ್ಕಿಬೀಳುವವರು ಏನೂ ಗೊತ್ತಿಲ್ಲದ ಅಂಗಡಿಯವರು.

ನಿಷೇಧಿತ ಆಂಟಿಬಯಾಟಿಕ್‌ಗಳ ಪಟ್ಟಿ 2025ರ ಏಪ್ರಿಲ್ 1ರಿಂದ ಇನ್ನೂ ಉದ್ದವಾಗಿದೆ. ಒಳ್ಳೆಯದೇ. ಪಟ್ಟಿ ಉದ್ದವಾದ ಮಾತ್ರಕ್ಕೆ ಹೊಂಡದ ಪರೀಕ್ಷೆ ಹೆಚ್ಚಾಗುವುದಿಲ್ಲ.

ಮೂರು ತಕ್ಕಡಿ (ಮೈಸೂರು, ಮೀನು ಅಂಗಡಿ)

ಮೇಡಂ ನನ್ನ ಮನಸ್ಸಿನ ಮಾತು ಹೇಳಿದಿರಿ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಮ್ಮ ನಾಡಿನ ಮುರುಗೋಡು ಮೀನು ಅಂತ ಹೇಳಿ ಆಫ್ರಿಕನ್ ಕ್ಯಾಟ್‌ಫಿಶ್ ಮಾರುವವರಿದ್ದಾರೆ. ಅದನ್ನು ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಆದರೂ ನಗರದ ಅಂಚಿನ ಗುಂಡಿಗಳಲ್ಲಿ ಕೋಳಿ ಅಂಗಡಿಯ ಕರುಳು, ಪುಕ್ಕ ಸುರಿದು ಸಾಕುತ್ತಾರೆ. ಆ ಮೀನು ನೀರಿನ ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಹಾಗಾಗಿ ಬೇರೆ ಮೀನು ಸಾಯುವಂಥ ಕೊಳೆ ನೀರಲ್ಲೂ ಬದುಕುತ್ತದೆ. ಮಳೆಗೆ ಗುಂಡಿ ಒಡೆದು ಕೆರೆಗೆ ಸೇರಿದರೆ ನಮ್ಮ ಊರಿನ ಮೀನನ್ನೆಲ್ಲ ತಿಂದುಹಾಕುತ್ತದೆ. ನಾನು ಅದನ್ನು ಮಾರುವುದಿಲ್ಲ. ರೇಟು ಕಡಿಮೆ ಅಂತ ಕೇಳಿಕೊಂಡು ಬರುವವರಿಗೆ ಇದನ್ನೆಲ್ಲ ಹೇಳಿ ಕಳಿಸುತ್ತೇನೆ.

ತೋಟದ ಹೊಂಡ (ತುಮಕೂರು)

ನಾನು ಹೊಸದಾಗಿ ಕೃಷಿ ಹೊಂಡದಲ್ಲಿ ಮರಿ ಬಿಟ್ಟವನು. ಇದನ್ನೆಲ್ಲ ಓದಿದರೆ ಔಷಧಿ ಮುಟ್ಟುವುದೇ ತಪ್ಪು ಅನ್ನುವ ಹಾಗಿದೆ. ಮೀನಿಗೆ ಕೆಂಪು ಹುಣ್ಣು ಬಂದರೆ ಸುಮ್ನೆ ನೋಡುತ್ತಾ ಕೂರಬೇಕಾ? ಸಾಲ ಮಾಡಿ ಹಾಕಿದ ಬಂಡವಾಳ ಸ್ವಾಮಿ.

ಮತ್ಸ್ಯ ಪದವೀಧರೆ (ಮಂಗಳೂರು)

ಖಂಡಿತ ಕೂರಬಾರದು. ಆದರೆ ರೋಗ ಯಾವುದು ಅಂತ ಗೊತ್ತಾಗದೆ ಔಷಧಿ ಹಾಕಿದರೆ ದುಡ್ಡೂ ಹೋಗುತ್ತದೆ, ಮೀನೂ ಹೋಗುತ್ತದೆ.

ಮಳೆಗಾಲ ಮುಗಿದು ಚಳಿ ಶುರುವಾದಾಗ ಬರುವ ಕೆಂಪು ಹುಣ್ಣಿನ ಕಾಯಿಲೆಯನ್ನು ಇಯುಎಸ್ ಅನ್ನುತ್ತಾರೆ. 1988ರಿಂದ ನಮ್ಮ ದೇಶದಲ್ಲಿದೆ. ಅದಕ್ಕೆ ಮೂಲ ಒಂದು ಬೂಷ್ಟಿನಂಥ ಜೀವಿ. ಆಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ. ಬೂಷ್ಟಿಗೆ ಆ ಪುಡಿ ಸುರಿದು ಏನು ಪ್ರಯೋಜನ? ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ನೋಡಿಕೊಂಡು ಸುಣ್ಣ ಹಾಕಬೇಕು. ಸಿಹಿನೀರಿನ ಮೀನು ಸಾಕಣೆ ಬಗ್ಗೆ ಸಂಶೋಧನೆ ಮಾಡುವ ಭುವನೇಶ್ವರದ ಸಿಐಎಫ್‌ಎ ಸಂಸ್ಥೆ ಇದಕ್ಕೆಂದೇ ಸಿಫಾಕ್ಸ್ ಅನ್ನುವ ಔಷಧಿ ತಯಾರಿಸಿದೆ. ಅದೇ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಂಗಳೂರಿನ ಹೆಸರಘಟ್ಟದಲ್ಲಿದೆ, ನಿಮಗೆ ಹತ್ತಿರವೇ.

ಬ್ಯಾಕ್ಟೀರಿಯಾ ರೋಗ ಅಂತ ಖಚಿತವಾಗಿ, ಅನುಮತಿ ಇರುವ ಔಷಧಿ ಕೊಟ್ಟಿದ್ದರೆ ಕಾಯುವ ಅವಧಿ ಪಾಲಿಸಬೇಕು. ಅಮೆರಿಕದಲ್ಲಿ ಸಾಕಿದ ಕ್ಯಾಟ್‌ಫಿಶ್‌ಗೆ ಆಕ್ಸಿಟೆಟ್ರಾಸೈಕ್ಲಿನ್ ಕೊಟ್ಟರೆ ಕೊನೆಯ ಡೋಸ್ ಆದ ಮೇಲೆ 21 ದಿನ ಮೀನು ಹಿಡಿಯುವಂತಿಲ್ಲ. ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ. ಹಾಗಾಗಿ ಚಳಿಗಾಲದಲ್ಲಿ ಔಷಧಿ ಹೊರಹೋಗುವುದು ನಿಧಾನ, ಇನ್ನೂ ಜಾಸ್ತಿ ಕಾಯಬೇಕು.

ಮೀನುಹೇನಿಗೆ ದನದ ಉಣ್ಣೆ ಔಷಧಿಯನ್ನು ಹೊಂಡಕ್ಕೆ ಸುರಿಯುವವರೂ ಇದ್ದಾರೆ. ಅದು ಕೀಟನಾಶಕ. ಮೀನಿನ ಕಿವಿರಿಗೆ ಸುಡುತ್ತದೆ, ನೀರಿನ ಸಣ್ಣ ಜೀವಿಗಳನ್ನೆಲ್ಲ ಕೊಲ್ಲುತ್ತದೆ. ಹೊಂಡದಲ್ಲಿ ಬಿದಿರಿನ ಗಳ ನೆಟ್ಟು, ಹೇನು ಅದರ ಮೇಲೆ ಮೊಟ್ಟೆ ಇಟ್ಟ ಮೇಲೆ ಗಳ ಎತ್ತಿ ಬಿಸಿಲಿಗೆ ಒಣಗಿಸಿ. ನಿಧಾನ ಆಗುತ್ತದೆ, ಆದರೆ ಮಾಂಸದಲ್ಲಿ ಏನೂ ಉಳಿಯುವುದಿಲ್ಲ.

ತೋಟದ ಹೊಂಡ (ತುಮಕೂರು)

ಗಳದ ಉಪಾಯ ಗೊತ್ತಿರಲಿಲ್ಲ. ಮಾಡಿ ನೋಡುತ್ತೇನೆ. ಶೇಂಗಾ ಹಿಂಡಿ ಸ್ವಲ್ಪ ಬೂಷ್ಟು ಹಿಡಿದಿದೆ, ಬಿಸಿಲಿಗೆ ಹಾಕಿ ಕೊಡಬಹುದಾ?

ಮತ್ಸ್ಯ ಪದವೀಧರೆ (ಮಂಗಳೂರು)

ಬೇಡ. ಶೇಂಗಾ ಹಿಂಡಿಯ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಇರಬಹುದು. ಬಿಸಿಲಿಗೆ ಬೂಷ್ಟು ಒಣಗಿದರೂ ವಿಷ ಉಳಿಯುತ್ತದೆ. ಮೀನಿನ ಪಿತ್ತಜನಕಾಂಗ ಹಾಳಾಗಿ ಬೆಳವಣಿಗೆ ನಿಂತುಹೋಗುತ್ತದೆ. ಹಸುವಿಗೂ ಹಾಕಬೇಡಿ, ಹಾಲಿಗೆ ಬರುತ್ತದೆ. ಮುಂದಿನ ಸಲ ಚೀಲಗಳನ್ನು ನೆಲದ ಮೇಲಿಡದೆ ಹಲಗೆ ಮೇಲೆ, ಗೋಡೆಗೆ ತಾಗದಂತೆ ಇಡಿ.

ಜಯನಗರದ ಅಡುಗೆಮನೆ

ಕೊಳ್ಳುವವರು ಏನು ಮಾಡಬಹುದು ಹೇಳಿ. ಹೊಂಡದಿಂದ ನೇರ ಬಂದ, ಲೆಕ್ಕ ಇಟ್ಟಿರುವ ಮೀನು ಸಿಗುವುದಾದರೆ ಕಿಲೋಗೆ ಸ್ವಲ್ಪ ಜಾಸ್ತಿ ಕೊಡಲು ನಮ್ಮ ಅಪಾರ್ಟ್‌ಮೆಂಟಿನ ಹಲವು ಮನೆಯವರು ತಯಾರಿದ್ದೇವೆ. ಗ್ರೂಪಿನಲ್ಲಿ ಕೇಳಿಯೇ ಬರೆಯುತ್ತಿದ್ದೇನೆ.

ಹೊಂಡದ ದಾರಿ (ಮಂಡ್ಯ ಕಡೆ)

ಈ ಮಾತಿಗೆ ತುಂಬಾ ಧನ್ಯವಾದ ಅಕ್ಕ. ನನ್ನ ಯೋಚನೆ ಹೇಳುತ್ತೇನೆ. ಇನ್ಸ್‌ಪೆಕ್ಟರ್ ಬಂದು ಹೊಂಡದ ಮೇಲೆ ನಿಲ್ಲಲಿ ಅಂತ ನಾನು ಕೇಳುವುದಿಲ್ಲ. ಅದು ಎಲ್ಲಿಗೆ ಹೋಗುತ್ತದೆ ಅಂತ ರೈತರಿಗೆ ಗೊತ್ತು. ಪ್ರತಿ ಹೊಂಡಕ್ಕೂ ಒಂದು ಪುಸ್ತಕ ಇರಲಿ. ಮರಿ ಎಲ್ಲಿಂದ ತಂದದ್ದು, ಯಾವ ನೀರು, ಯಾವ ಆಹಾರ, ರೋಗ ಬಂದ ದಿನ, ಕೊಟ್ಟ ಔಷಧಿ, ನಿಲ್ಲಿಸಿದ ದಿನ, ಹಿಡಿದ ದಿನ. ಏನೂ ಕೊಟ್ಟಿಲ್ಲದಿದ್ದರೆ ಅದನ್ನೂ ಬರೆಯಬೇಕು. ಅಂಗಡಿಯವರಿಗೆ ಮೀನಿನ ಜೊತೆ ಆ ಪುಟದ ಪ್ರತಿ ಹೋಗಬೇಕು. ಪುಸ್ತಕದಲ್ಲಿ ಸುಳ್ಳೂ ಬರೆಯಬಹುದು, ಗೊತ್ತು. ಅದಕ್ಕೇ ಸಹಕಾರ ಸಂಘದ ಮಟ್ಟದಲ್ಲಿ ಚೀಟಿ ಎತ್ತಿ ಕೆಲವು ಹೊಂಡಗಳ ಮೀನನ್ನು ಲ್ಯಾಬಿಗೆ ಕಳಿಸಬೇಕು. ಆ ಖರ್ಚನ್ನು ಸರ್ಕಾರ ಕೊಡಲಿ. ಹೊಂಡ ತೋಡಲು ಸಹಾಯಧನ ಕೊಡುತ್ತಾರೆ, ಮೀನು ತಿನ್ನುವವರ ಆರೋಗ್ಯಕ್ಕೂ ಕೊಡಬೇಕಲ್ವಾ?

ಕುಮಟಾದ ಅಣ್ಣ, ಮಾದರಿ ತೆಗೆಯುವುದು ಹೇಗೆ ಹೇಳಿ.

ಅಘನಾಶಿನಿ ದಂಡೆ (ಕುಮಟಾ, ಸೀಗಡಿ ಸಾಕಣೆ)

ಹೊಂಡದ ಒಂದೇ ಮೂಲೆಯಿಂದ ತೆಗೆಯಬೇಡಿ. ನಾಲ್ಕೂ ಕಡೆಯಿಂದ, ಮಧ್ಯದಿಂದ ಹಿಡಿದು ಸೇರಿಸಿ. ಶುದ್ಧ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ಹೊಂಡದ ಗುರುತು, ದಿನಾಂಕ ಬರೆದು ಐಸ್ ಪೆಟ್ಟಿಗೆಯಲ್ಲಿ ಕಳಿಸಿ. ಐಸ್ ನೀರು ಚೀಲದೊಳಗೆ ಹೋಗಬಾರದು. ಔಷಧಿ ಕಲಸಿದ ಕೈಯಲ್ಲಿ ಮೀನು ಮುಟ್ಟಲೇಬಾರದು, ಲ್ಯಾಬಿನ ಯಂತ್ರ ಅಷ್ಟು ಸೂಕ್ಷ್ಮ. ಎಲೈಸಾ ಪರೀಕ್ಷೆ ಮೊದಲ ಸೋಸಾಟ ಅಷ್ಟೇ. ಅದರಲ್ಲಿ ಅನುಮಾನ ಬಂದರೆ ಎಲ್‌ಸಿ-ಎಂಎಸ್ ಯಂತ್ರದಲ್ಲಿ ಖಚಿತ ಮಾಡಿಕೊಳ್ಳಿ. ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೇ ಕೊಡಿ. ವರದಿ ಬರುವವರೆಗೆ ಬಲೆ ಎಳೆಯಬೇಡಿ.

ಹೊಂಡದ ದಾರಿ (ಮಂಡ್ಯ ಕಡೆ)

ಯುಗಾದಿ ಕಳೆದ ಮೇಲೆ ನಮ್ಮ ಹೊಂಡದಲ್ಲಿ ಬಲೆ ಎಳೆಯುವುದಿದೆ. ಅದಕ್ಕೆ ಮುಂಚೆ ಮಾದರಿ ಕಳಿಸುತ್ತೇನೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್, ಮ್ಯಾಲಕೈಟ್ ಗ್ರೀನ್, ಸೀಸ, ಕ್ಯಾಡ್ಮಿಯಂ ಇಷ್ಟನ್ನು ನೋಡಲು ಹೇಳುತ್ತೇನೆ. ವರದಿ ಹೇಗೇ ಬರಲಿ, ಇಲ್ಲೇ ಪೂರ್ತಿ ಹಾಕುತ್ತೇನೆ. ಕೋಲಾರದ ಸಂಘದವರು ಒಪ್ಪಿದರೆ ನಿಮ್ಮ ಕೆರೆಯ ಮೀನನ್ನೂ ಜೊತೆಗೇ ಕಳಿಸೋಣ. ಮಂಡ್ಯ, ಮೈಸೂರು, ಚಾಮರಾಜನಗರದಲ್ಲಿ ಮೀನು ಸಾಕುವವರು ಯಾರಾದರೂ ಸೇರುವುದಿದ್ದರೆ ಕೆಳಗೆ ಬರೆಯಿರಿ, ಲ್ಯಾಬ್ ಖರ್ಚು ಹಂಚಿಕೊಳ್ಳಬಹುದು.

ಕೋಲಾರದ ಕೆರೆಬದಿ

ನಾವು ಸೇರುತ್ತೇವೆ. ಸಂಘದ ಸಭೆಯಲ್ಲಿ ಇಟ್ಟು ಒಪ್ಪಿಗೆ ಪಡೆಯುತ್ತೇನೆ. ಕಿವಿರು ಮತ್ತು ಮಾಂಸ ಎರಡನ್ನೂ ಬೇರೆ ಬೇರೆ ಪರೀಕ್ಷೆ ಮಾಡಿಸೋಣ.